ಬದಲಿ ಸದಸ್ಯೆ

ಬೋಲ್ಟನ್
ಫೆಬ್ರವರಿ 25, 2024

ವಸಂತಾ,

ನಿನ್ನ ಫೋನು ಮೂರು ಸಲ ಬಂದದ್ದು ನೋಡಿದೆ. ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ ಎಂದು ನಿನಗೆ ಗೊತ್ತುಂಟು. ವೇರ್‌ಹೌಸಿನ ಒಳಗೆ ಫೋನು ಬಿಡುತ್ತಿರಲಿಲ್ಲವಲ್ಲ, ಆಗ ನಾವಿಬ್ಬರೂ ಲಾಕರಿನ ಸಂದಿಯಲ್ಲಿ ಚೀಟಿ ತೂರಿಸಿಯೇ ವರ್ಷಗಟ್ಟಲೆ ಮಾತಾಡಿದವರು. ಹಾಗಾಗಿ ಕಾಗದವೇ ಸರಿ.

ಅಭಿನಂದನೆ. ಇದನ್ನು ಮೊದಲು ಬರೆದುಬಿಡುತ್ತೇನೆ. ಆಮೇಲೆ ಬರೆಯುವ ಮನಸ್ಸು ಹೋದರೆ ಕಷ್ಟ.

ನಿರುದ್ಯೋಗ ಭತ್ಯೆಯ ಸಲಹಾ ಮಂಡಳಿಗೆ ಕೆಲಸಗಾರರ ಪರವಾಗಿ ನಿನ್ನನ್ನು ಆರಿಸಿದ್ದು ನಿನ್ನ ಮೆಸೇಜಿಗಿಂತ ಒಂದು ಗಂಟೆ ಮೊದಲೇ ನನಗೆ ಗೊತ್ತಾಯಿತು. ನನಗೂ ಒಂದು ಈಮೇಲ್ ಬಂದಿತ್ತು. ನನ್ನನ್ನು 'ಬದಲಿ ಸದಸ್ಯೆ' ಎಂದು ಪಟ್ಟಿಯಲ್ಲಿ ಇಟ್ಟುಕೊಂಡಿದ್ದಾರಂತೆ. ನನ್ನ ಮಗಳು ಕೃತಿ ಓದಿ, "ಅಮ್ಮಾ, ದಟ್ಸ್ ಗ್ರೇಟ್! ಯು ಆರ್ ದ ಬ್ಯಾಕಪ್!" ಎಂದು ಕುಣಿದಳು. ನನಗೆ ಕುಣಿಯಲು ಬರಲಿಲ್ಲ. ಊಟಕ್ಕೆ ಕರೆದು, ಯಾರಾದರೂ ಎದ್ದರೆ ಎಲೆ ಹಾಕುತ್ತೇವೆ, ಅಲ್ಲಿಯವರೆಗೆ ಜಗಲಿಯಲ್ಲಿ ಕೂತಿರಿ ಎಂದ ಹಾಗಾಯಿತು.

ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಬೇಡ. ಲೈಬ್ರರಿಯ ಗೋಡೆಯಲ್ಲಿ ಆ ನೋಟಿಸ್ ನೋಡಿದವಳು ಯಾರು? ಫೋಟೋ ತೆಗೆದು ನಿನಗೆ ಕಳಿಸಿ, ನೀನೂ ಹಾಕು, ಇಬ್ಬರಲ್ಲಿ ಒಬ್ಬರಿಗೆ ಸಿಗಲಿ ಎಂದವಳು ಯಾರು? ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಎಲ್ಲರನ್ನೂ ಆರು ವಾರ ಮನೆಗೆ ಕಳಿಸುವ ಮುಂಚೆ ಊಟದ ಕೋಣೆಯಲ್ಲಿ ಹದಿನೇಳು ಜನರ ಅರ್ಜಿ ತುಂಬಿಸಿದ್ದು ನಾನು. ಯಾವ ಪ್ರಶ್ನೆಗೆ ಹೇಗೆ ಉತ್ತರಿಸಿದರೆ ಬೆನಿಫಿಟ್ಟು ನಿಲ್ಲುತ್ತದೆ, ಯಾವ ಕಾಗದ ಎಷ್ಟು ದಿನದೊಳಗೆ ಕಳಿಸಬೇಕು, ಎಲ್ಲ ನನಗೆ ಬಾಯಿಪಾಠ. ನೀನು ಪಕ್ಕದಲ್ಲಿ ಕೂತು ಟೈಪ್ ಮಾಡಿದವಳು. ನಿನ್ನ ಇಂಗ್ಲಿಷು ಚೆಂದ, ಒಪ್ಪುತ್ತೇನೆ. ಮೈಸೂರಿನ ಕಾನ್ವೆಂಟು. ಸಂದರ್ಶನದಲ್ಲಿ ನಾನು "ಯೆಸ್ ಮೇಡಂ, ಬಟ್ ವಾಟ್ ಟು ಡೂ" ಎಂದದ್ದಕ್ಕೆ ಆ ಮೂವರೂ ಮುಗುಳ್ನಕ್ಕರು. ಆಗಲೇ ನನಗೆ ಅಂದಾಜಾಯಿತು.

ಕೆಲಸ ಹೋದ ದಿನವೂ ಹೀಗೇ ಆದದ್ದು. ಜನವರಿಯ ಆ ಶುಕ್ರವಾರ ನಿನ್ನ ಪ್ಯಾಕಿಂಗ್ ವಿಭಾಗದವರಿಗೆ "ಕೆಲಸ ಇಲ್ಲ" ಎಂದು ಬರೆದುಕೊಟ್ಟರು. ನಮ್ಮ ಮಧ್ಯಾಹ್ನದ ಶಿಫ್ಟಿನವರಿಗೆ ಸೋಮವಾರದಿಂದ ಮಿಲ್ಟನ್ ಆಚೆಯ ಗೋದಾಮಿಗೆ, ಅದೂ ನೈಟ್ ಶಿಫ್ಟಿಗೆ ಹೋಗಿ ಎಂದರು. ಬಸ್ಸಿಲ್ಲ, ನನಗೆ ಕಾರು ಓಡಿಸಲು ಬರುವುದಿಲ್ಲ. ಹೋಗದಿದ್ದಕ್ಕೆ "ತಾನಾಗಿ ಬಿಟ್ಟಳು" ಎಂದು ಬರೆದರು. ನಿನಗೆ ಬೆನಿಫಿಟ್ಟು ಬಂತು. ನನ್ನದು ಇನ್ನೂ "ಪರಿಶೀಲನೆಯಲ್ಲಿ" ಉಂಟು.

ಮಂಡಳಿಯ ಮೊದಲ ಸಭೆ ಹೇಗಾಯಿತು ಎಂದು ಬರೆ. ಕುರ್ಚಿ ಹೇಗುಂಟು ಎಂದೂ ಬರೆ.

ನಿನ್ನ ಹಿತವನ್ನೇ ಬಯಸುವ (ಬಯಸಲು ಪ್ರಯತ್ನಿಸುವ)
ಪುಷ್ಪಾವತಿ


ಸ್ಟೌಫ್‌ವಿಲ್
ಮಾರ್ಚ್ 9, 2024

ಪ್ರೀತಿಯ ಪುಷ್ಪಕ್ಕನಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನೀವು ಬಯ್ದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಕಣಕ್ಕ.

ಮಗ ಶ್ರೀಕಾಂತನ ಹೊಸ ಮನೆಗೆ ಬಂದು ಮೂರು ವಾರವಾಯಿತು. ಅಕ್ಕಪಕ್ಕದಲ್ಲಿ ಇನ್ನೂ ಮನೆಗಳು ಏಳುತ್ತಿವೆ, ಕಿಟಕಿ ತೆರೆದರೆ ಬರೀ ಸುತ್ತಿಗೆ ಸದ್ದು. ಮಾತಿಗೆ ಜನವಿಲ್ಲ. ಸಭೆಗೆಂದು ರೈಲು ಹತ್ತಿದಾಗ ಕೆಲಸಕ್ಕೇ ಹೊರಟಿದ್ದೇನೆ ಎನಿಸಿ ಸಂತೋಷವಾಯಿತು.

ಸಭೆ ನಡೆದದ್ದು ನಾರ್ತ್ ಯಾರ್ಕಿನ ಒಂದು ಸರ್ಕಾರಿ ಕಟ್ಟಡದ ಆರನೇ ಮಹಡಿಯಲ್ಲಿ. ನಾವು ಒಂಬತ್ತು ಜನ. ನಾಲ್ವರು ಕೆಲಸಗಾರರ ಕಡೆ, ನಾಲ್ವರು ಮಾಲೀಕರ ಕಡೆ, ನಡುವೆ ಅಧ್ಯಕ್ಷೆ; ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಯಾವ ಕಡೆಗೂ ಸೇರದವರು. ಭತ್ಯೆ ಕೊಡುವ ಕಚೇರಿಯವರು ಬಂದು ಲೆಕ್ಕ ಒಪ್ಪಿಸುತ್ತಾರೆ: ಎಷ್ಟು ಅರ್ಜಿ ಬಂತು, ಎಷ್ಟು ದಿನ ಹಿಡಿಯಿತು, ಎಷ್ಟು ತಳ್ಳಿದರು, ತಳ್ಳಿದ್ದರಲ್ಲಿ ಎಷ್ಟು ಆಮೇಲೆ ತಪ್ಪೆಂದು ತಿರುಗಿತು. ನಾವು ಪ್ರಶ್ನೆ ಕೇಳಬಹುದು. ಎಲ್ಲಿ ಜನರಿಗೆ ತೊಂದರೆಯಾಗುತ್ತಿದೆಯೋ ಅಲ್ಲಿ ನಿಯಮ ಬದಲಿಸಿ ಎಂದು ಶಿಫಾರಸು ಬರೆಯಬಹುದು. ಅವರು ಒಪ್ಪಲೇಬೇಕೆಂದಿಲ್ಲ. ಆದರೆ ಒಪ್ಪದಿದ್ದರೆ ಏಕೆ ಎಂದು ಬರೆದು ಕೊಡಬೇಕು. ನಮ್ಮ ಬಲ ಅಷ್ಟೇ.

ಮೊದಲ ದಿನ ನಾನು ಬಾಯಿ ಬಿಡಲಿಲ್ಲ. ಮಾಲೀಕರ ಕಡೆಯ ಒಬ್ಬರು, "ಕೆಲಸ ಬಿಟ್ಟವರೆಲ್ಲ ತಮ್ಮನ್ನು ತೆಗೆದರು ಎಂದೇ ಹೇಳುತ್ತಾರೆ" ಎಂದಾಗ ನಿಮ್ಮ ನೆನಪಾಯಿತು. ಪುಷ್ಪಕ್ಕ ಇಲ್ಲಿ ಇದ್ದಿದ್ದರೆ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ ಎಂದುಕೊಂಡೆ.

ಕುರ್ಚಿ ಸಾಧಾರಣ. ಚಕ್ರವಿದೆ, ಕೈಯಿಲ್ಲ.

ನಿಮ್ಮ
ವಸಂತಾ


ಬೋಲ್ಟನ್
ಮಾರ್ಚ್ 20, 2024

ವಸಂತಾ,

ಪುಷ್ಪಕ್ಕ ಇದ್ದಿದ್ದರೆ ಎಂದು ಬರೆದಿದ್ದೀ. ಪುಷ್ಪಕ್ಕ ಇರಲಿಲ್ಲ. ನೀನು ಇದ್ದಿ, ಮತ್ತು ಸುಮ್ಮನಿದ್ದಿ. ಇರಲಿ.

ನನಗೆ ಬೆನಿಫಿಟ್ಟು ಕೊಡುವುದಿಲ್ಲ ಎಂದಿದ್ದಾರೆ. "ಸಕಾರಣವಿಲ್ಲದೆ ಸ್ವಇಚ್ಛೆಯಿಂದ ಕೆಲಸ ಬಿಟ್ಟದ್ದರಿಂದ" ಎಂದು ಕಾಗದ ಬಂದಿದೆ. ಹನ್ನೊಂದು ವರ್ಷದಲ್ಲಿ ಒಂದು ದಿನ ತಡವಾಗಿ ಹೋದವಳಲ್ಲ ನಾನು. ನಿರ್ಧಾರ ಮಾಡುವ ಮೊದಲು ಒಬ್ಬರೂ ನನಗೆ ಫೋನು ಮಾಡಿ, ಏನಮ್ಮ ಆಯಿತು ಎಂದು ಕೇಳಲಿಲ್ಲ. ಕಂಪನಿ ಬರೆದ ಒಂದು ಸಾಲನ್ನೇ ನಂಬಿದರು. ಮೋಹನದಾಸರು ಕಾಗದ ಓದಿ, "ಸ್ವಇಚ್ಛೆ ಅಂದ್ರೆ ಎಂಥದು ಮಾರಾಯ್ತಿ, ನಿನ್ನ ಇಚ್ಛೆ ಯಾರು ಕೇಳಿದ್ದು?" ಎಂದರು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ಪರವಾಗಿ ಆಡಿದ ಉತ್ತಮ ಮಾತು ಅದು.

ನಾನು ಒಬ್ಬಳಲ್ಲ. ನಮ್ಮ ಶಿಫ್ಟಿನಲ್ಲಿ ಒಂಬತ್ತು ಜನರಿಗೆ ಹೀಗೇ ಆಗಿದೆ. ಹುಬ್ಬಳ್ಳಿಯ ರುದ್ರಪ್ಪನಿಗೂ. ಹೆಸರು, ಎಷ್ಟು ವರ್ಷ ಕೆಲಸ ಮಾಡಿದರು, ಏಕೆ ಮಿಲ್ಟನ್ನಿಗೆ ಹೋಗಲಾಗಲಿಲ್ಲ ಎಂದೆಲ್ಲ ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ.

ನಿನ್ನ ಹತ್ತಿರ ನಾನು ಇಷ್ಟರವರೆಗೆ ಏನೂ ಕೇಳಿದವಳಲ್ಲ. ಮುಂದಿನ ಸಭೆಗೆ ಆ ಕಚೇರಿಯವರು ಬರುತ್ತಾರಲ್ಲ, ನನ್ನ ಫೈಲು ನಂಬರ್ ಕೊಡುತ್ತೇನೆ. ಒಂದು ಮಾತು ಹೇಳು.

ಪುಷ್ಪಾವತಿ


ಸ್ಟೌಫ್‌ವಿಲ್
ಏಪ್ರಿಲ್ 2, 2024

ಪುಷ್ಪಕ್ಕ,

ಆಗುವುದಿಲ್ಲ. ಇದನ್ನು ಬರೆಯಲು ಎಷ್ಟು ಕಷ್ಟವಾಯಿತು ಎಂದು ಹೇಳಿದರೆ ನೀವು ನಂಬುವುದಿಲ್ಲ.

ಯಾರೊಬ್ಬರ ಫೈಲನ್ನೂ ಮಂಡಳಿ ಮುಟ್ಟುವ ಹಾಗಿಲ್ಲ. ಸೇರಿದ ದಿನವೇ ಹಾಗೆಂದು ಸಹಿ ಮಾಡಿಸಿಕೊಂಡಿದ್ದಾರೆ. ನೀವು ಮರುಪರಿಶೀಲನೆಗೆ ಅರ್ಜಿ ಹಾಕಿ, ಮೂವತ್ತು ದಿನದೊಳಗೆ. ಇದನ್ನು ನಿಮಗೆ ನಾನು ಹೇಳಿಕೊಡುತ್ತಿದ್ದೇನಲ್ಲ, ನಗು ಬರುತ್ತದೆ.

ಒಂಬತ್ತು ಜನರ ಹಾಳೆ ಮಾತ್ರ ನನಗೆ ತುಂಬ ಉಪಯೋಗವಾದೀತು. ಹೆಸರು ಯಾರಿಗೂ ತೋರಿಸುವುದಿಲ್ಲ.

ವಸಂತಾ


ಬೋಲ್ಟನ್
ಮೇ 12, 2024

ವಸಂತಾ,

ಹಾಳೆ ಕಳಿಸಿದ್ದು ನಾನೇ. ತಪ್ಪು ನನ್ನದೇ.

ನಿನ್ನೆ ಲೈಬ್ರರಿಯಲ್ಲಿ ಕೂತು ಮಂಡಳಿಯ ಏಪ್ರಿಲ್ ಸಭೆಯ ವರದಿ ಓದಿದೆ. ಯಾರು ಬೇಕಾದರೂ ಓದಬಹುದಂತೆ, ಕಂಪ್ಯೂಟರಿನಲ್ಲಿ ಹಾಕಿದ್ದಾರೆ. ಮೂರನೇ ಪುಟದಲ್ಲಿ ಉಂಟು. "ದೂರದ ಕೆಲಸಕ್ಕೆ ಹೋಗಲಾಗದವರನ್ನು ಸ್ವಇಚ್ಛೆಯಿಂದ ಬಿಟ್ಟವರೆಂದು ಕಾಣುವುದು ಸರಿಯಲ್ಲ, ಭತ್ಯೆ ನಿಲ್ಲಿಸುವ ಮೊದಲು ಅಧಿಕಾರಿ ಕೆಲಸಗಾರರೊಂದಿಗೆ ಮಾತಾಡಲೇಬೇಕು ಎಂದು ಶ್ರೀಮತಿ ವಸಂತಾ ಅವರು ಗಮನಕ್ಕೆ ತಂದರು. ಅವರ ಅಧ್ಯಯನವನ್ನು ಅಧ್ಯಕ್ಷೆ ಮೆಚ್ಚಿದರು."

ಅವರ ಅಧ್ಯಯನ! ಒಬ್ಬರೂ ಫೋನು ಮಾಡಿ ಕೇಳಲಿಲ್ಲ ಎಂದು ನಿನಗೆ ಬರೆದವಳು ನಾನು. ಎಂಟು ಮನೆಗೆ ಹಿಮದಲ್ಲಿ ನಡೆದುಕೊಂಡು ಹೋಗಿ, ಅವರ ಚಾ ಕುಡಿದು, ಅವರು ಅಳುವುದನ್ನು ಕೇಳಿ ಬರೆದುಕೊಂಡವಳು ನಾನು. ಮೆಚ್ಚುಗೆ ನಿನಗೆ. ಇಡೀ ವರದಿಯಲ್ಲಿ ನನ್ನ ಹೆಸರು ಹುಡುಕಿದೆ. ಹುಡುಕುತ್ತಾ ಕೂತಿದ್ದಾಗ ಲೈಬ್ರರಿಯ ಹುಡುಗಿ ಬಂದು "ಆಲ್ ಓಕೆ?" ಎಂದು ಕೇಳಿದಳು. ನನ್ನ ಮುಖ ಹಾಗಿತ್ತು.

ಹೊಟ್ಟೆಕಿಚ್ಚು ಎಂದು ನೀನು ಹೇಳಬಹುದು. ಹೌದು, ಹೊಟ್ಟೆಕಿಚ್ಚೇ. ನಿನ್ನ ರೈಲು, ನಿನ್ನ ಆರನೇ ಮಹಡಿ, ನಿನ್ನ ಇಂಗ್ಲಿಷು, ನಿನಗೆ ಎರಡು ವಾರಕ್ಕೊಮ್ಮೆ ಬರುವ ಬೆನಿಫಿಟ್ಟು, ಎಲ್ಲದರ ಮೇಲೂ ನನಗೆ ಕಿಚ್ಚು. ಬೆಳಿಗ್ಗೆ ಎದ್ದ ಕೂಡಲೇ ಮೊದಲು ನೆನಪಾಗುವುದು ನೀನು. ದೇವರಿಗೆ ದೀಪ ಹಚ್ಚುವಾಗಲೂ ನೀನು. ಪ್ರೀತಿ ಮಾಡಿದವರನ್ನೂ ನಾನು ಇಷ್ಟು ನೆನಪು ಮಾಡಿಕೊಂಡದ್ದಿಲ್ಲ.

ಇನ್ನು ಬರೆಯಬೇಡ.

ಪುಷ್ಪಾವತಿ


ಸ್ಟೌಫ್‌ವಿಲ್
ಜೂನ್ 5, 2024

ಪುಷ್ಪಕ್ಕ,

ಬರೆಯಬೇಡ ಎಂದಿದ್ದಿರಿ. ಇದೊಂದು ಸಲ ಬರೆಯುತ್ತೇನೆ.

ನನ್ನ ಮೇಲೆ ಒಂದು ದೂರು ಹೋಗಿದೆ. ಹೆಸರಿಲ್ಲದ ಕಾಗದ. ಭತ್ಯೆ ಪಡೆಯುತ್ತಲೇ ನಾನು ಥಾರ್ನ್‌ಹಿಲ್ಲಿನ ನನ್ನ ತಮ್ಮ ಭಾಸ್ಕರನ ದಿನಸಿ ಅಂಗಡಿಯಲ್ಲಿ ಶನಿವಾರ ಕೆಲಸ ಮಾಡುತ್ತೇನೆ, ಇಂಥವಳು ಮಂಡಳಿಯಲ್ಲಿ ಕೂರಬಹುದೇ ಎಂದು. ಅಂಗಡಿಯಲ್ಲಿ ನಿಲ್ಲುವುದು ನಿಜ. ಪ್ರತಿ ಶನಿವಾರದ ನಾಲ್ಕು ಗಂಟೆಯನ್ನೂ ಕಚೇರಿಗೆ ತಿಳಿಸಿದ್ದೇನೆ, ಅಷ್ಟನ್ನು ಹಿಡಿದುಕೊಂಡೇ ಭತ್ಯೆ ಕೊಡುತ್ತಾರೆ. ಆದರೂ ವಿಚಾರಣೆ ಮುಗಿಯುವವರೆಗೆ ಭತ್ಯೆ ತಡೆದಿದ್ದಾರೆ. ಮಂಡಳಿಯಿಂದ ನಾನಾಗಿಯೇ ದೂರ ನಿಂತಿದ್ದೇನೆ.

ಅಧಿಕಾರಿಯೊಬ್ಬರು ಅಂಗಡಿಗೇ ಬಂದು ಗಿರಾಕಿಗಳ ಎದುರಲ್ಲಿ ಭಾಸ್ಕರನನ್ನು ಪ್ರಶ್ನೆ ಕೇಳಿದರು. ಅವನು ಸಂಜೆ, "ಅಕ್ಕ, ಸ್ವಲ್ಪ ದಿನ ಬರ್ಬೇಡ ಕಣೆ" ಎಂದ. ನನ್ನ ಮುಖ ನೋಡಲಿಲ್ಲ.

ದೂರಿನ ಪ್ರತಿಯನ್ನು ನನಗೆ ಓದಿ ಹೇಳಿದರು. ಕೊನೆಯ ಸಾಲು "ಕೈಂಡ್ಲಿ ಲುಕ್ ಇಂಟು ದ ಮ್ಯಾಟರ್ ಅಂಡ್ ಆಬ್ಲೈಜ್" ಎಂದಿತ್ತು.

ಜೂನ್ ಹತ್ತೊಂಬತ್ತರ ಸಭೆಗೆ ನಾನಿರುವುದಿಲ್ಲ. ಒಂಬತ್ತು ಜನರ ವಿಷಯ ಶಿಫಾರಸಿಗೆ ಬರುವುದು ಅಂದೇ. ನನ್ನ ಟಿಪ್ಪಣಿ ಅವರ ಬಳಿ ಇದೆ.

ವಸಂತಾ


ಬೋಲ್ಟನ್
ಜೂನ್ 23, 2024

ವಸಂತಾ,

ಆ ಸಾಲು ಯಾರದೆಂದು ನಿನಗೆ ಗೊತ್ತು. ಹದಿನೇಳು ಅರ್ಜಿಗಳ ಕೊನೆಯಲ್ಲಿ ನಾನು ಹೇಳಿ ನೀನು ಟೈಪ್ ಮಾಡಿದ ಸಾಲು. "ಪುಷ್ಪಕ್ಕ, ಈಗ ಯಾರೂ ಹೀಗೆ ಬರೆಯಲ್ಲ ಕಣ್ರಿ" ಎಂದು ನಗುತ್ತಿದ್ದಿ.

ದೂರು ಬರೆದವಳು ನಾನು.

ಮೇ ತಿಂಗಳಲ್ಲಿ ರುದ್ರಪ್ಪ ಸಿಕ್ಕಿದ್ದ. "ವಸಂತಕ್ಕಾರು ಥಾರ್ನ್‌ಹಿಲ್ದಾಗ ಅಂಗಡಿ ಗಲ್ಲಾ ಮ್ಯಾಲೆ ಕುಂತಾರ ನೋಡ್ರಿ, ಅವರಿಗೇನ್ ಕಮ್ಮಿ" ಎಂದ. ಅವನು ನಗೆಗೆ ಹೇಳಿದ್ದು. ನಾನು ಮನೆಗೆ ಬಂದವಳು ಚಪ್ಪಲಿಯೂ ಕಳಚದೆ ಬರೆದೆ. ನೀನು ತಿಳಿಸಿದ್ದೀಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೇಳಬಹುದಿತ್ತು. ಕೇಳಲಿಲ್ಲ. ತಿಳಿಸಿರುತ್ತೀ ಎಂದು ಒಳಗೊಳಗೆ ಅನಿಸುತ್ತಿತ್ತು, ಅದಕ್ಕೇ ಕೇಳಲಿಲ್ಲ.

ಇದಕ್ಕಿಂತ ಕೆಟ್ಟದ್ದು ಹೇಳುತ್ತೇನೆ. ಜೂನ್ ಏಳರಂದು ಮಂಡಳಿಯ ಕಾರ್ಯದರ್ಶಿ ಫೋನು ಮಾಡಿ, ಸದಸ್ಯೆಯೊಬ್ಬರು ದೂರವಿದ್ದಾರೆ, ನೀವು ಬರುತ್ತೀರಾ ಎಂದು ಕೇಳಿದರು. ನಿನ್ನ ಕಾಗದ ಆಗ ಮೇಜಿನ ಮೇಲೇ ಇತ್ತು. ನಾನು ಬರುತ್ತೇನೆ ಎಂದೆ. ಎರಡು ಸಲ ಎಂದೆ. ಕೃತಿಯ ಕಪ್ಪು ಕೋಟು ಹಾಕಿಕೊಂಡು ಹೋದೆ. ಏನೋ ಒಂದು ಫಾರಂ ಕೊಟ್ಟರು, ಕಣ್ಣು ಹಾಯಿಸದೆ ಸಹಿ ಹಾಕಿದೆ. ಫಾರಂ ಓದದೆ ಸಹಿ ಹಾಕಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ನಾನು.

ಕುರ್ಚಿಯಲ್ಲಿ ಕೂತೆ. ಒಂದು ಗಂಟೆ ಬಹಳ ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ.

ಆಮೇಲೆ ನಿನ್ನ ಟಿಪ್ಪಣಿ ಹಂಚಿದರು. ಹೆಸರುಗಳಿಲ್ಲ. 'ಕೆಲಸಗಾರ್ತಿ ಒಂದು', 'ಕೆಲಸಗಾರ ಎರಡು', ಹೀಗೆ ಒಂಬತ್ತು. ಮೊದಲನೆಯದು ನಾನು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋಗಿಲ್ಲ ಎಂದು ಬರೆದಿದ್ದೀ. ನಿರ್ಧಾರಕ್ಕೆ ಮೊದಲು ಯಾರೂ ಅವಳನ್ನು ಕೇಳಲಿಲ್ಲ ಎಂದೂ ಬರೆದಿದ್ದೀ. ಓದುತ್ತಾ ಹೋದ ಹಾಗೆ ನನಗೇ ನನ್ನ ಮೇಲೆ ಮರುಕ ಬಂತು. ನಾನು ಹೇಳಿದ್ದರೆ ಅಷ್ಟು ಚೆಂದ ಹೇಳುತ್ತಿರಲಿಲ್ಲ.

ಮಾಲೀಕರ ಕಡೆಯ ಆ ಮನುಷ್ಯ ಓದಿ ಬದಿಗಿಟ್ಟು, "ಇವರೆಲ್ಲ ನಿಜವಾಗಿ ಇದ್ದಾರೆಂದು ಏನು ಖಾತ್ರಿ?" ಎಂದ. ನನಗೆ ತಡೆಯಲಿಲ್ಲ. ಎದ್ದು ನಿಂತು, "ಐ ಆಮ್ ನಂಬರ್ ಒನ್! ದಿಸ್ ಇಸ್ ಮೀ!" ಎಂದೆ. ಕಚೇರಿಯಿಂದ ಬಂದ ಕಾಗದ ಚೀಲದಿಂದ ತೆಗೆದು ಮೇಜಿನ ಮೇಲೆ ಬಡಿದೆ.

ಅಧ್ಯಕ್ಷೆ ಮೆತ್ತಗೆ ಕೇಳಿದರು, ನಿಮ್ಮ ಮರುಪರಿಶೀಲನೆ ಇನ್ನೂ ನಡೆಯುತ್ತಿದೆಯಾ? ಹೌದು ಎಂದೆ. ಸ್ವಂತ ಲಾಭವಿರುವ ವಿಷಯದಲ್ಲಿ ಸದಸ್ಯರು ಮಾತಾಡುವಂತಿಲ್ಲ, ಬೆಳಿಗ್ಗೆ ನೀವು ಸಹಿ ಮಾಡಿದ್ದು ಅದಕ್ಕೇ ಎಂದರು. ಆ ಮನುಷ್ಯ ಕೂಡಲೇ, ಟಿಪ್ಪಣಿಯೇ ಒಬ್ಬರ ಸ್ವಂತ ಕೇಸಿಗಾಗಿ ಮಾಡಿದ ಹಾಗಿದೆ, ಇದನ್ನು ಇಂದು ತೆಗೆದುಕೊಳ್ಳಬಾರದು ಎಂದ. ನನ್ನನ್ನು ಹೊರಗೆ ಕೂರಿಸಿದರು.

ಹೊರಗೆ ಗಾಜಿನ ಬಾಗಿಲ ಆಚೆ ಕೂತು ನೋಡಿದೆ. ಬಾಯಿಗಳು ಆಡುತ್ತಿದ್ದವು, ಮಾತು ಕೇಳುತ್ತಿರಲಿಲ್ಲ. ನೀನು ನನ್ನ ಹೆಸರು ಏಕೆ ಎಲ್ಲೂ ಎತ್ತಲಿಲ್ಲ ಎಂದು ಆಗ ಅರ್ಥವಾಯಿತು. ನನ್ನ ಹೆಸರು ಬಂದರೆ ಅದು ನನ್ನೊಬ್ಬಳ ಗೋಳಾಗುತ್ತದೆ. ಹೆಸರಿಲ್ಲದಿದ್ದರೆ ಒಂಬತ್ತು ಜನರದ್ದು, ಇನ್ನು ಮುಂದೆ ಬರುವವರದ್ದೂ. ನೀನು ಎರಡು ತಿಂಗಳು ಜೋಪಾನ ಮಾಡಿದ್ದನ್ನು ನಾನು ಎರಡು ನಿಮಿಷದಲ್ಲಿ ಹಾಳುಮಾಡಿದೆ. ವಿಷಯವನ್ನು ಸೆಪ್ಟೆಂಬರಿಗೆ ಮುಂದೂಡಿದ್ದಾರೆ.

ಅಧ್ಯಕ್ಷೆಗೆ ಇಂದು ಕಾಗದ ಬರೆದಿದ್ದೇನೆ. ದೂರು ನನ್ನದು, ಹೊಟ್ಟೆಕಿಚ್ಚಿನಿಂದ ಬರೆದದ್ದು, ನನ್ನನ್ನು ಬದಲಿ ಪಟ್ಟಿಯಿಂದ ತೆಗೆಯಿರಿ ಎಂದು. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಹಾಕಿದ್ದೇನೆ. ಭಾಸ್ಕರನ ಅಂಗಡಿಗೂ ಹೋಗಿದ್ದೆ. ಹೇಳಿದೆ. ಅವನು ತಕ್ಕಡಿ ಒರೆಸುತ್ತಾ ನಿಂತ. ಬಯ್ಯಲಿ ಎಂದು ಕಾದೆ. ಬಯ್ಯಲಿಲ್ಲ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ.

ಪುಷ್ಪಾವತಿ


ಸ್ಟೌಫ್‌ವಿಲ್
ಜುಲೈ 20, 2024

ಪುಷ್ಪಕ್ಕ,

ದೂರು ಓದಿ ಹೇಳಿದ ದಿನವೇ ಗೊತ್ತಾಗಿತ್ತು. ಜೂನ್ ಐದರ ಕಾಗದ ಬರೆದದ್ದು ನೀವು ಓಡಿ ಬರುತ್ತೀರೇನೋ ಎಂಬ ಆಸೆಯಿಂದ. ನೀವು ಬರಲಿಲ್ಲ, ನನ್ನ ಕುರ್ಚಿಗೆ ಹೋದಿರಿ. ದೂರಿಗಿಂತ ಅದೇ ನನಗೆ ಹೆಚ್ಚು ಉರಿಯಿತು. ಕಾಗದ ಮೇಜಿನ ಮೇಲಿತ್ತು ಎಂದು ಬರೆದಿದ್ದೀರಿ. ಅದನ್ನು ಬರೆಯದೆ ಇರಬಹುದಿತ್ತು.

ವಿಚಾರಣೆ ಮುಗಿಯಿತು. ತಪ್ಪಿಲ್ಲ ಎಂದರು. ತಡೆದದ್ದು ಬಂತು. ಭಾಸ್ಕರ ಮತ್ತೆ ಅಂಗಡಿಗೆ ಕರೆದಿದ್ದಾನೆ, ನಾನು ಹೋಗಿಲ್ಲ. ಇಲ್ಲಿ ಸೊಸೆ ಒಳ್ಳೆಯವಳೇ. ಆದರೆ ಆ ಎರಡು ತಿಂಗಳು ಯಾರಾದರೂ ಬಾಗಿಲು ತಟ್ಟಿದರೆ ಮೊದಲು ನನ್ನ ಮುಖ ನೋಡುತ್ತಿದ್ದಳು.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಕೂತೆ. ಕೈ ಬರಲಿಲ್ಲ.

ನಾನೂ ಒಂದು ಹೇಳಬೇಕು. ನೀವು ಒಪ್ಪಿಕೊಂಡಿರಿ ಎಂಬ ಕಾರಣಕ್ಕಲ್ಲ. ಫೆಬ್ರವರಿಯಿಂದಲೂ ಗಂಟಲಲ್ಲಿ ಇದೆ. ಮಂಡಳಿಯ ಅರ್ಜಿಯಲ್ಲಿ ನಿಮ್ಮ ಅನುಭವ ಏನು ಎಂದು ಕೇಳಿದ್ದರಲ್ಲ, "ಹದಿನೇಳು ಸಹೋದ್ಯೋಗಿಗಳಿಗೆ ಅರ್ಜಿ ತುಂಬಲು ನೆರವಾದೆ" ಎಂದು ಬರೆದೆ. ನಿಮ್ಮ ಹೆಸರು ಹಾಕಲಿಲ್ಲ. ಟೈಪ್ ಮಾಡಿದ್ದು ನಾನೇ ತಾನೇ, ಸುಳ್ಳಲ್ಲ ಎಂದು ಸಮಾಧಾನ ಹೇಳಿಕೊಂಡೆ. ಊಟದ ಕೋಣೆಗೆ ನೀವು ಬಂದರೆ ಎಲ್ಲರೂ ಸರಿದು ಜಾಗ ಮಾಡುತ್ತಿದ್ದರು. "ಪುಷ್ಪಕ್ಕ, ಇದು ನೋಡಿ", "ಪುಷ್ಪಕ್ಕ, ಅದು ಓದಿ." ಎಂಟು ವರ್ಷ ನಿಮ್ಮ ಪಕ್ಕದಲ್ಲಿ ಕೂತೆ, ನನಗೆ ಯಾರೂ ಜಾಗ ಮಾಡಲಿಲ್ಲ. ಒಂದು ಸಲ, ಒಂದೇ ಒಂದು ಸಲ, ನನಗೂ ಹಾಗೆ ಆಗಲಿ ಎನಿಸಿತು. ಹೆಸರು ಹಾಕದಿದ್ದದ್ದು ಎಲ್ಲರ ಒಳ್ಳೆಯದಕ್ಕೇ ಎಂದು ನೀವು ತಿಳಿದಿದ್ದೀರಿ. ಟಿಪ್ಪಣಿಯಲ್ಲಿ ಹೌದು. ಅರ್ಜಿಯಲ್ಲಿ ಅಲ್ಲ.

ಸೆಪ್ಟೆಂಬರಿನಲ್ಲಿ ಟಿಪ್ಪಣಿಯನ್ನು ಮತ್ತೆ ಇಡುತ್ತೇನೆ. ಈಗ ಒಂಬತ್ತರಲ್ಲ, ಬೇರೆ ಬೇರೆ ಗೋದಾಮುಗಳ ಮೂವತ್ತೊಂದು ಜನರದ್ದು. ಇಷ್ಟು ದಿನ ಕೆಲಸವಿಲ್ಲದೆ ಕೂತು ಅದನ್ನೇ ಮಾಡಿದೆ.

ಸ್ವಲ್ಪ ಕಾಲ ನಾವು ಬರೆಯದೆ ಇರೋಣ.

ವಸಂತಾ


ಬೋಲ್ಟನ್
ಅಕ್ಟೋಬರ್ 6, 2024

ವಸಂತಾ,

ಸ್ವಲ್ಪ ಕಾಲ ಎಂದರೆ ಎಷ್ಟು ಎಂದು ನೀನು ಬರೆದಿರಲಿಲ್ಲ. ಹನ್ನೊಂದು ವಾರ ತಡೆದೆ.

ಆಗಸ್ಟಿನಲ್ಲಿ ನನ್ನ ಮರುಪರಿಶೀಲನೆ ಮುಗಿಯಿತು. ಈ ಸಲ ಒಬ್ಬಳು ಅಧಿಕಾರಿ ಫೋನು ಮಾಡಿ ಅರ್ಧ ಗಂಟೆ ಮಾತಾಡಿದಳು. ಬಸ್ಸಿಲ್ಲದ ಜಾಗಕ್ಕೆ ಮೂರು ದಿನದ ನೋಟಿಸಿನಲ್ಲಿ ಕಳಿಸಿದ್ದು ಹೇಳಿದೆ. ನನ್ನ ಕಡೆಗೆ ತೀರ್ಪಾಯಿತು. ರುದ್ರಪ್ಪನದ್ದು ಆಗಲಿಲ್ಲ. ಅವನು ಆ ಹೊತ್ತಿಗೆ ಫೋನು ಎತ್ತಿರಲಿಲ್ಲವಂತೆ. ಅವನ ಜೊತೆ ಕೂತು ಮುಂದಿನ ಅಪೀಲು ಬರೆಯುತ್ತಿದ್ದೇನೆ. ಟೈಪ್ ಮಾಡಲು ಈಗ ನಾನೇ ಕಲಿಯುತ್ತಿದ್ದೇನೆ, ಎರಡು ಬೆರಳಿನಲ್ಲಿ.

ಸೆಪ್ಟೆಂಬರ್ ಇಪ್ಪತ್ತೈದರ ಸಭೆಗೆ ನಾನು ಬಂದಿದ್ದೆ. ನೀನು ನೋಡಲಿಲ್ಲ. ಸಾರ್ವಜನಿಕರಿಗೆಂದು ಹಿಂದೆ ಗೋಡೆಗೆ ತಾಗಿಸಿ ಕುರ್ಚಿ ಹಾಕುತ್ತಾರಲ್ಲ, ಅಲ್ಲಿ ಕಂಬದ ಮರೆಯಲ್ಲಿ ಕೂತಿದ್ದೆ.

ನೀನು ಎದ್ದು ಮಾತಾಡಿದಿ. ಆ ಮನುಷ್ಯ ಮೂರು ಪ್ರಶ್ನೆ ಕೇಳಿದ, ಮೂರಕ್ಕೂ ನೀನು ದನಿ ಏರಿಸದೆ ಉತ್ತರ ಹೇಳಿದಿ. ನಾನಾಗಿದ್ದರೆ ಮೊದಲನೆಯದಕ್ಕೇ ಜಗಳ ತೆಗೆಯುತ್ತಿದ್ದೆ. ಆಗ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು, ಸುಳ್ಳೇಕೆ ಹೇಳಲಿ. ಅದು ಹೋಗಿಲ್ಲ. ಹೋಗುತ್ತದೆಂದು ನನಗೆ ಅನಿಸುವುದೂ ಇಲ್ಲ. ಆದರೆ ಕೈಯೆತ್ತಿ ಎಂದು ಅಧ್ಯಕ್ಷೆ ಹೇಳಿದಾಗ ನಾನು ಉಸಿರು ಹಿಡಿದಿದ್ದೆ. ಏಳು ಕೈ ಎದ್ದವು. ಮಾಲೀಕರ ಕಡೆಯಿಂದಲೂ ಎರಡು. ಭತ್ಯೆ ನಿಲ್ಲಿಸುವ ಮೊದಲು ಕೆಲಸಗಾರರ ಜೊತೆ ಮಾತಾಡಲೇಬೇಕು ಎಂಬ ಶಿಫಾರಸು ಹೋಯಿತು. ಕಚೇರಿಯವರು ಒಪ್ಪುತ್ತಾರೋ ಇಲ್ಲವೋ, ಏಕೆಂದು ಬರೆದಾದರೂ ಕೊಡುತ್ತಾರೆ.

ನನ್ನ ಪಕ್ಕದಲ್ಲಿ ಬ್ರಾಂಪ್ಟನ್ನಿನ ಒಬ್ಬ ಪಂಜಾಬಿ ಹೆಂಗಸು ಕೂತಿದ್ದಳು. ಅವಳ ಬೆನಿಫಿಟ್ಟೂ ನಿಂತಿದೆಯಂತೆ. ಅವಳು ನಿನ್ನ ಕಡೆ ಕಣ್ಣು ಮಾಡಿ ಪಿಸುಮಾತಿನಲ್ಲಿ, "ಯೇ ಬೆಹನ್‌ಜಿ ಕೌನ್ ಹೈ? ಆಪ್ ಜಾನತೀ ಹೋ?" ಎಂದು ಕೇಳಿದಳು.

"ನಹೀ" ಎಂದೆ.

ನಿನ್ನನ್ನು ಬಲ್ಲೆ ಎನ್ನುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಾಗದೆ ಹಾಗೆ ಬಾಯಿಗೆ ಬಂತು. ಅವಳು ತಲೆಯಾಡಿಸಿದಳು. ಸಭೆ ಮುಗಿದ ಮೇಲೆ ನೀನು ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದಿ. ಅವಳು ನಿನ್ನ ಹತ್ತಿರ ಹೋಗಿ ಕೈ ಹಿಡಿದುಕೊಂಡು ಏನೋ ಹೇಳಿದಳು, ನೀನು ನಕ್ಕಿ. ನಾನು ಲಿಫ್ಟಿಗೆ ಕಾಯದೆ ಆರು ಮಹಡಿ ಮೆಟ್ಟಿಲಿಳಿದೆ.

ಬಸ್ಸಿನಲ್ಲಿ ಬರುವಾಗ ಬೋಲ್ಟನ್ ಬರುವವರೆಗೂ ಆ "ನಹೀ" ನನ್ನ ಬಾಯಿಯಲ್ಲೇ ಇತ್ತು. ಮುಂದಿನ ಸಭೆ ನವೆಂಬರಿನಲ್ಲಿ. ನಾನು ಹೋಗುತ್ತೇನೆ, ಅವಳೂ ಬರುತ್ತೇನೆ ಎಂದಿದ್ದಾಳೆ. ಅವಳು ಮತ್ತೆ ಕೇಳಿದರೆ ಹೌದು ಎನ್ನಲೇ?

ಉತ್ತರಕ್ಕಾಗಿ ಕಾದಿರುವ
ಪುಷ್ಪಕ್ಕ